ಸಾಂಬ್ರಾಣಿ ಹಾಕಿದ ಕಾರು

ತಾ॥ 5-11-1937, ಶುಕ್ರವಾರ. ಮಲ್ಲಿಪಟ್ಟಣ

ಈ ಡೈರಿಯನ್ನು ಸಂಕ್ರಾಂತಿಯ ಹೊತ್ತಿಗೆ ಒಬ್ಬ ವಿಮಾ ಏಜೆಂಟು ಕೊಟ್ಟುಹೋಗಿದ್ದ. ನನ್ನಂಥ ಗಟ್ಟಿ ಆಸಾಮಿಗೆ ವಿಮೆ ಯಾಕೆ, ಪುಸ್ತಕ ಮಾತ್ರ ಇರಲಿ ಎಂದು ಇಟ್ಟುಕೊಂಡಿದ್ದೆ. ಹತ್ತು ತಿಂಗಳು ಬರೆಯುವಂಥದ್ದೇನೂ ನಡೆಯಲಿಲ್ಲ. ಇವತ್ತು ನಡೆದಿದೆ. ಮಲ್ಲಿಪಟ್ಟಣಕ್ಕೆ ಮೊದಲನೆಯ ಮೋಟಾರು ಕಾರು ಬಂದಿದೆ. ತಂದವನು ದನದ ವ್ಯಾಪಾರಿ ಪಾಲಾಕ್ಷಯ್ಯ, ಅಂದರೆ ನಾನು. ಊರಿನ ಅರ್ಧ ಜನಕ್ಕೆ ಮಾವ, ಉಳಿದರ್ಧಕ್ಕೆ ದೊಡ್ಡಪ್ಪ, ಮೂರು ತಾಲ್ಲೂಕಿನ ದನಗಳಿಗೆ ಯಮ. ಕೂಲಿಮಠದಲ್ಲಿ ನಾಲ್ಕನೆಯ ಪುಸ್ತಕದವರೆಗೆ ಓದಿದ್ದೇನೆ. ಐದನೆಯದು ಓದಿಸಿದರೆ ದಿವಾನನಾಗಿಬಿಟ್ಟಾನು ಎಂದು ಹೆದರಿ ಮೇಷ್ಟ್ರೇ ಬಿಡಿಸಿದರು. ನನ್ನ ಹೆಂಡತಿ ಗಂಗಾಂಬಿಕೆಗೆ ಓದು ಬಾರದು. ಆದ್ದರಿಂದ ಇದರಲ್ಲಿ ನಿಜವನ್ನೇ ಬರೆಯಬಹುದು.

ಕಾರು ಸಿಕ್ಕಿದ್ದು ಹೊಳೆನರಸೀಪುರದಲ್ಲಿ, ನಂಜಯ್ಯನೆಂಬ ದಲ್ಲಾಳಿಯ ಅಂಗಳದಲ್ಲಿ. ಮೈಯೆಲ್ಲ ಹೊಸ ಕಪ್ಪು ಬಣ್ಣ, ಮೂತಿಗೆ ಚೆಂಡುಹೂವಿನ ಹಾರ, ಒಳಗೆ ಹೊಸ ರೆಕ್ಸಿನ್ ಸೀಟು, ಸೀಟಿನ ಮೇಲೊಂದು ಮಡಕೆಯಲ್ಲಿ ಸಾಂಬ್ರಾಣಿ ಹೊಗೆ. ದೈವಭಕ್ತ ಮಾಲೀಕ ಎಂದು ಆಗಲೇ ಅಂದುಕೊಂಡೆ.

ನಾನು ಸುಮ್ಮನೆ ಕೊಳ್ಳುವವನೇ? ಮೂರು ಸುತ್ತು ಬಂದೆ. ಹಲ್ಲು ನೋಡಿದೆ, ಅಂದರೆ ಮುಂದಿನ ಜಾಲರಿ. ಒಂದೂ ಉದುರಿಲ್ಲ. ಕಿವಿ ಹಿಡಿದು ಎಳೆದೆ, ಅಂದರೆ ಬಾಗಿಲು. ಹಿಂಭಾಗಕ್ಕೆ ಅಂಗೈಯಿಂದ ಬಡಿದೆ, ಗಟ್ಟಿ. ನಡೆಸಿ ನೋಡಿದೆ, ಕಾಲು ಎಳೆಯಲಿಲ್ಲ. ಡ್ರೈವರು ಬೇಕೆಂದು ನಮ್ಮೂರಿನ ಚೆನ್ನನನ್ನು ಕರೆದುಕೊಂಡು ಹೋಗಿದ್ದೆ. ಹಾಸನದಲ್ಲಿ ನಾಲ್ಕು ವರ್ಷ ಮೋಟಾರು ರಿಪೇರಿ ಕಲಿತು ಬಂದವನು. ಎಲ್ಲರಂತೆ ಬುದ್ಧೀ ಎನ್ನದೆ ನನ್ನನ್ನು ಸಾ ಎನ್ನುತ್ತಾನೆ. ಅವನದ್ದು ಬೇರೆಯೇ ರಾಗ.

"ಸಾ, ಸೀಟು ಎತ್ತಿ ಒಂದ್ಸಲ ಅಡಿ ನೋಡ್ಬುಡನ" ಎಂದ.

"ಎತ್ತು ತಗೊಳ್ಳೋವಾಗ ಒಟ್ಟೆ ಕುಯ್ದು ನೋಡ್ತಾರೇನ್ಲಾ?" ಎಂದು ಗದರಿದೆ.

ನಂಜಯ್ಯ ಬಿದ್ದು ಬಿದ್ದು ನಕ್ಕ. "ಮಾತು ಅಂದ್ರೆ ಇದು ಕಣಪ್ಪ! ಪಾಲಾಕ್ಷಯ್ಯನೋರ ಕಣ್ಣಿಗಿಂತ ಬೇರೆ ಸಾಕ್ಷಿ ಬೇಕಾ?"

ಆಮೇಲೆ ದನದ ವ್ಯಾಪಾರದ ಕ್ರಮದಲ್ಲೇ ಇಬ್ಬರೂ ಕೈ ಹಿಡಿದು ಮೇಲೆ ಟವಲು ಹೊದಿಸಿಕೊಂಡೆವು. ಬಾಯಲ್ಲಿ ಏನು ಬೇಕಾದರೂ ಕೂಗಬಹುದು, ನಿಜವಾದ ಬೆಲೆ ಬೆರಳಿನಲ್ಲಿರುತ್ತದೆ. ಒಂದು ಬೆರಳು ಹಿಡಿದರೆ ನೂರು, ಅಂಗೈ ಮೇಲೆ ಗೀರಿದರೆ ಐವತ್ತು. ಇನ್ನೊಂದು ಹಳೆಯ ಸಂಜ್ಞೆಯಿದೆ. ಎದುರಿನವನ ಐದೂ ಬೆರಳು ಮಡಚಿ ಮುಷ್ಟಿ ಕಟ್ಟಿಸಿ ಅವನ ಕಡೆಗೇ ತಳ್ಳಿದರೆ, 'ಈ ದನಕ್ಕೆ ರೋಗವಿದೆ, ಬಿಟ್ಟಿ ಕೊಟ್ಟರೂ ಬೇಡ' ಎಂದರ್ಥ. ನಮ್ಮಪ್ಪ ಈಶ್ವರಯ್ಯ ಕಲಿಸಿದ್ದು. ಅವನು ಅದನ್ನು ಮಾಡಿ ಮಾಡಿಯೇ ಬಡವನಾಗಿ ಸತ್ತ. ನಾನು ಮೂವತ್ತು ವರ್ಷದಲ್ಲಿ ಒಂದು ಸಲವೂ ಮಾಡಿಲ್ಲ.

ನಾಲ್ಕು ಬೆರಳು ಹಿಡಿದೆ. ಒಂದು ಗಂಟೆಯಾದರೂ ಜಗ್ಗಾಡುತ್ತಾನೆ ಎಂದುಕೊಂಡಿದ್ದೆ. ಹತ್ತು ಎಣಿಸುವಷ್ಟರಲ್ಲಿ ಒಪ್ಪಿಬಿಟ್ಟ! ನನ್ನನ್ನು ಕಂಡರೆ ಅಷ್ಟು ಭಯ. ನನ್ನ ಹಳ್ಳಿಕಾರ್ ಜೋಡಿ ಹೋಯಿತು, ಗದ್ದೆಯ ಎರಡು ವರ್ಷದ ಗುತ್ತಿಗೆಯೂ ಹೋಯಿತು. ಹೋಗಲಿ. ಎತ್ತು ಹುಲ್ಲು ತಿನ್ನುತ್ತದೆ, ಕಾರು ತಿನ್ನುವುದಿಲ್ಲ.

ತಾ॥ 6-11-1937, ಶನಿವಾರ

ಇಡೀ ಊರೇ ಬಂದು ಮುಟ್ಟಿ ಹೋಯಿತು. ಇದು ಹುಲ್ಲು ತಿನ್ನುವುದಿಲ್ಲ ಎಂದು ಎಲ್ಲರಿಗೂ ಹೇಳಿದೆ. ಮುಟ್ಟಿದ ಕಡೆಯೆಲ್ಲ ಒರೆಸಿ ಒರೆಸಿ ನನ್ನ ಪಂಚೆ ಕಪ್ಪಾಯಿತು. ಬಣ್ಣ ಇನ್ನೂ ಹಸಿ. ಅಷ್ಟು ಹೊಸದು!

ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಆಯಿತು. ಗಂಗಾಂಬಿಕೆ ಆರತಿ ತಟ್ಟೆ ಹಿಡಿದು ಒಳಗೆ ಬಗ್ಗಿದವಳು ಮೂಗು ಮುಚ್ಚಿಕೊಂಡಳು.

"ಅಲ್ಲಾ ಅಂದ್ರೆ, ಇದೇನಿದು ಕೆರೆ ಊಳು ವಾಸ್ನೆ?"

"ಅದು ರೆಕ್ಸಿನ್ ವಾಸ್ನೆ ಕಣೇ. ಅಮೇರಿಕದಿಂದ ಬರ್ತದೆ."

"ಅಮೇರಿಕದಲ್ಲೂ ಕೆರೆ ಕೋಡಿ ಬಿದ್ದಿರ್ಬೇಕು ಬುಡಿ" ಎಂದು ಆರತಿ ಎತ್ತಿದಳು. ಹೆಂಗಸರ ಮೂಗು ಯಾವಾಗಲೂ ಗಂಡಂದಿರ ಸಂತೋಷದ ಕಡೆಗೇ ತಿರುಗಿರುತ್ತದೆ.

ಚೆನ್ನನಿಗೆ ಜಗಲಿಯ ಕೆಳಗೆ ಎಲೆ ಹಾಕಿಸಿದೆ.

ತಾ॥ 11-11-1937, ಗುರುವಾರ

ಸರ್ವೀಸು ಶುರು. ಮಲ್ಲಿಪಟ್ಟಣದಿಂದ ಅರಕಲಗೂಡು, ಅಲ್ಲಿಂದ ಹಾಸನ. ಐದು ಜನರ ಕಾರಿನಲ್ಲಿ ಹನ್ನೊಂದು ಜನ, ಒಂದು ಬೆಲ್ಲದ ಮೂಟೆ. ಚೆನ್ನ ಗೊಣಗಿದ. ಹನ್ನೆರಡನೆಯವನು ನೀನು, ಇಳಿಯುತ್ತೀಯಾ ಎಂದೆ. ಗೇರು ಹಾಕಿದ.

ಒಂದು ಸಣ್ಣ ತಮಾಷೆ. ಬೆಳಗಿನ ಜಾವ ಇಬ್ಬನಿ ಬಿದ್ದಿತ್ತು. ಕಾರು ಗುರುಸಿದ್ದಮ್ಮನ ಮನೆ ಮುಂದೆ ಬಂದದ್ದೇ, ಯಾರೂ ಮುಟ್ಟದೆ ಹಾರನ್ನು ತಾನಾಗಿಯೇ ಕೂಗಲು ಹಿಡಿಯಿತು. ನಿಲ್ಲಿಸಿದರೆ ನಿಲ್ಲದು, ಗುದ್ದಿದರೆ ನಿಲ್ಲದು. ಗುರುಸಿದ್ದಮ್ಮ ಎಪ್ಪತ್ತರ ಮುದುಕಿ, ನನ್ನನ್ನು ಎತ್ತಿ ಆಡಿಸಿದವಳು. ಪೊರಕೆ ಹಿಡಿದೇ ಹೊರಗೆ ಬಂದಳು.

"ಲೋ ಪಾಲಾಕ್ಸ! ಯಾವ ಮನೆ ಸೂತ್ಕದ ಕೊಂಬಲಾ ಇದು? ನಾನಿನ್ನೂ ಸತ್ತಿಲ್ಲ ಕಣ್ಲಾ!"

"ನಿಂಗೆ ಮರ್ವಾದೆ ಮಾಡ್ತಾ ಅದೆ ಕಣಜ್ಜಿ!" ಎಂದೆ.

ಕೊನೆಗೆ ಚೆನ್ನ ವೈರು ಕಿತ್ತ ಮೇಲೆ ನಿಂತಿತು. ಆ ವೈರು ತಾಮ್ರದ ಬಣ್ಣದ್ದಲ್ಲ, ಹಸಿರು. ವೈರು ಹಸಿರಾಗಿರುತ್ತದೇನೋ, ನನಗೇನು ಗೊತ್ತು. ಚೆನ್ನ ಅದನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡುತ್ತಿದ್ದ.

ತಾ॥ 17-11-1937, ಬುಧವಾರ

ಹಿಂದಿನ ಸೀಟಿನ ಸಂದಿಯಲ್ಲಿ ಜೊಂಡು ಹುಲ್ಲು ಮೊಳೆತಿದೆ. ಎರಡು ಬೆರಳುದ್ದ, ಹಚ್ಚಗೆ. ಶುಭಲಕ್ಷಣ ಎಂದು ಪ್ರಯಾಣಿಕರಿಗೆ ಹೇಳಿದೆ.

ಜನ ಇಳಿದ ಮೇಲೆ ಚೆನ್ನ ಕೈಕಟ್ಟಿ ನಿಂತ.

"ಸಾ, ಒಂದ್ ಮಾತು. ಬೈಬಾರ್ದು."

"ಬೈಯಾದು ಬುಡಾದು ಮಾತ್ ಕೇಳಿದ್ ಮ್ಯಾಲೆ."

"ಈ ಕಾರು ನೀರಲ್ಲಿ ಮುಳುಗಿ ಎದ್ದಿರಾದು."

ನಾನು ನಕ್ಕೆ. ಅವನು ನಗಲಿಲ್ಲ. ಸೀಟು ಎತ್ತಿ ಪಕ್ಕಕ್ಕಿಟ್ಟ. ಕೆಳಗೆ ಸಗಣಿ ಸಾರಿಸಿದ ಹಾಗೆ ಬೆರಳು ದಪ್ಪದ ಮೆಕ್ಕಲು ಮಣ್ಣು. ಅದರಲ್ಲಿ ಎರಡು ಬಸವನಹುಳದ ಚಿಪ್ಪು, ಒಂದು ಏಡಿಯ ಕೊಂಡಿ. ಬಾಗಿಲ ಒಳಗಿನ ಬಟ್ಟೆ ಬಿಚ್ಚಿ ತೋರಿಸಿದ. ಬಾವಿಯ ಗೋಡೆಯಲ್ಲಿ ನೀರು ಇಳಿದ ಗುರುತು ಇರುತ್ತದಲ್ಲ, ಅಂಥದೇ ಗೆರೆ, ನನ್ನ ಸೊಂಟದ ಮಟ್ಟಕ್ಕೆ. ಮುಂದಿನ ದೀಪದ ಗಾಜಿನೊಳಗೆ ಪಾಚಿ. ಕಾರಿನ ಅಡಿ ನುಗ್ಗಿ ಬ್ರೇಕಿನ ಕಂಬಿ ಕೆರೆದ. ಹುರಿಗಡಲೆ ಸಿಪ್ಪೆಯ ಹಾಗೆ ತುಕ್ಕು ಉದುರಿತು.

"ಶ್ರಾವಣದಲ್ಲಿ ಹೇಮಾವತಿ ಉಕ್ದಾಗ ಒಂದು ಕಾರು ಕೊಚ್ಕೊಂಡೋಗಿ ನಾಕು ದಿನ ಗದ್ದೆ ಕೆಸ್ರಲ್ಲಿ ಬಿದ್ದಿತ್ತಂತೆ ಸಾ. ನರಸೀಪುರದ ಓಟ್ಲಲ್ಲಿ ಮಾತಾಡ್ಕೋತಿದ್ರು. ಇದೇ ಅಂತ ಆಗ ಒಳೀಲಿಲ್ಲ. ಸಾಂಬ್ರಾಣಿ ಹಾಕಿದ್ದು ದೇವ್ರಿಗಲ್ಲ, ವಾಸ್ನೆಗೆ."

"ಇದಕ್ಕೆ ಮದ್ದಿಲ್ವೇನ್ಲಾ?"

"ಒಂದು ಸರಿ ಮಾಡುದ್ರೆ ಇನ್ನೊಂದು ಓಯ್ತದೆ. ಒಳಗಿಂದ ಕೊಳೀತಾ ಅದೆ. ಇವತ್ತು ಹಾರನ್ನು, ನಾಳೆ ದೀಪ, ಒಂದಿನ ಬ್ರೇಕು."

"ಯಾರ್ಗಾದ್ರೂ ಏಳಿದ್ಯಾ?"

"ಇಲ್ಲ ಸಾ."

"ಏಳ್ಬ್ಯಾಡ."

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ಮೂರು ತಾಲ್ಲೂಕಿನಲ್ಲೂ ಪಾಲಾಕ್ಷಯ್ಯ ಮುಟ್ಟಿದ ಎತ್ತು ಎಂದರೆ ಒಂದು ಬೆಲೆ. ಅಂಥವನು ಹೆಣಕ್ಕೆ ಹಾರ ಹಾಕಿ ಕೊಂಡು ತಂದ ಎಂದು ಗೊತ್ತಾದರೆ ನಾಳೆಯಿಂದ ಯಾರೂ ನನಗೆ ತಮ್ಮ ಕರುವಿನ ಬಾಲವನ್ನೂ ತೋರಿಸುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅರಕಲಗೂಡಿನಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಗಂಗಾಧರಯ್ಯನಿಗೆ ಗೊತ್ತಾಗಬಾರದು. ಗಂಗಾಂಬಿಕೆಯ ಅಣ್ಣ. ನಮ್ಮ ಮದುವೆಯ ದಿನದಿಂದ ನನ್ನ ಸೋಲಿಗಾಗಿ ಕಾದು ಕುಳಿತಿದ್ದಾನೆ.

ತಾ॥ 19-11-1937, ಶುಕ್ರವಾರ

ಹೊಳೆನರಸೀಪುರಕ್ಕೆ ಹೋಗಿ ನಂಜಯ್ಯನ ಗ್ರಹಚಾರ ಬಿಡಿಸಿದೆ. ಏಡಿಯ ಕೊಂಡಿಯನ್ನು ಅವನ ಗದ್ದುಗೆಯ ಮೇಲೆ ಎಸೆದೆ.

ಅವನು ಅದನ್ನು ಎತ್ತಿ ನೋಡಿ, "ಮುಂಗಾಲಿಂದು" ಎಂದ. ಆಮೇಲೆ ಎಲೆಯಡಿಕೆ ತಟ್ಟೆ ಮುಂದಕ್ಕೆ ತಳ್ಳಿದ. "ಪಾಲಾಕ್ಷಯ್ಯನೋರೇ, ಟವಲ್ ಅಡೀಲಿ ಆದ ವ್ಯಾಪಾರ ಟವಲ್ ಅಡೀಲೇ ಮುಗೀತದೆ. ಮೂರೊರ್ಸದ ಹಿಂದೆ ನಮ್ ಭಾವಂಗೆ ಹಲ್ಲ ಅರದಲ್ಲಿ ಉಜ್ಜಿ ಮುದಿ ಎತ್ತ ಎಳೇ ಹೋರಿ ಅಂತ ಮಾರಿದ್ರಲ್ಲ, ಗ್ಯಾಪ್ನ ಅದಾ? ಆವತ್ತು ನೀವೇ ಏಳಿದ್ರಂತೆ, ಕಣ್ಣು ಇರಾದು ಯಾಕಪ್ಪಾ ಅಂತ."

ಜ್ಞಾಪಕ ಇದೆ. ಒಳ್ಳೆಯ ಮಾತು ಅದು, ನನ್ನದೇ.

ಎಲೆಯಡಿಕೆ ಹಾಕಿಕೊಂಡು ಬಂದೆ. ಬಸ್ಸಿನಲ್ಲಿ ಹಿಂದಿನ ಸೀಟು.

ತಾ॥ 4-12-1937, ಶನಿವಾರ

ಹದಿನೈದು ದಿನ ಬರೆಯಲಿಲ್ಲ. ಬರೆಯುವಂಥದ್ದು ಅಷ್ಟು ಇರಲಿಲ್ಲ. ದೀಪ ಹೋಯಿತು, ಹಾಕಿಸಿದೆ. ಡೈನಮೋ ಹೋಯಿತು, ಹಾಕಿಸಿದೆ. ದೀಪ ಮತ್ತೆ ಹೋಯಿತು.

ಇವತ್ತು ಗಂಗಾಂಬಿಕೆಯನ್ನು ತವರಿಗೆ ಬಿಡಲು ಹೊರಟೆ. ಬೇರೆ ಪ್ರಯಾಣಿಕರಿಲ್ಲ, ನಾವು ಮೂವರೇ. ಊರಾಚೆಯ ಇಳಿಜಾರಿನಲ್ಲಿ ಚೆನ್ನಯ್ಯ ಬ್ರೇಕು ತುಳಿದ. ಕೆಳಗೆ ಟಣ್ ಎಂದು ಏನೋ ಬಿತ್ತು. ಮತ್ತೆ ತುಳಿದ. ಕಾಲು ನೇರ ಹಲಗೆಗೆ ಹೋಯಿತು. ಎದುರಿಗೆ ರಾಗಿ ಹೊರೆ ತುಂಬಿದ ಎರಡು ಗಾಡಿ, ಗಾಡಿಯ ಹಿಂದೆ ಹೆಂಗಸರು, ಒಂದು ಕೂಸು.

"ಕಂಬಿ ಕಡೀತು! ಬಿಗಿಯಾಗಿ ಇಡ್ಕೊಳಿ ಸಾ!" ಎಂದವನೇ ರಸ್ತೆ ಬಿಟ್ಟು ಎಡಕ್ಕೆ ತಿರುಗಿಸಿ, ಬೇಲಿ ಹಾರಿಸಿ, ಗುರುಸಿದ್ದಮ್ಮನ ಹುಲ್ಲಿನ ಮೆದೆಗೆ ನುಗ್ಗಿಸಿಬಿಟ್ಟ. ಕಾರು ಪೂರ್ತಿ ಒಳಗೆ ಹೋಯಿತು. ಹೊರಗಿನಿಂದ ನೋಡಿದವರಿಗೆ ಹಾರನ್ನು ಮಾತ್ರ ಕೇಳುತ್ತಿತ್ತಂತೆ. ಅದು ಮತ್ತೆ ತಾನಾಗಿಯೇ ಶುರುವಾಗಿತ್ತು.

ಗುರುಸಿದ್ದಮ್ಮ ಓಡಿ ಬಂದಳು. "ನಿನ್ ಕಾರು ಹುಲ್ಲು ತಿನ್ನಲ್ಲ ಅಂದಿದ್ಯಲ್ಲೋ ಪಾಲಾಕ್ಸ!"

"ಅಸಿದಿತ್ತು ಕಣಜ್ಜಿ" ಎಂದೆ. ಜನ ನಕ್ಕಿತು. ನಾನೂ ನಕ್ಕೆ.

ಗಂಗಾಂಬಿಕೆ ತಲೆ ತುಂಬ ಹುಲ್ಲು ಹೊತ್ತು ಇಳಿದಳು. ಎಡಗೈ ಉಳುಕಿದೆ. ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಟಿನಿಂದ ರೊಟ್ಟಿ, ಹುಚ್ಚೆಳ್ಳು ಚಟ್ನಿ ತೆಗೆದು ನಮ್ಮಿಬ್ಬರ ಮುಂದೆ ಇಟ್ಟಳು. ಚೆನ್ನಯ್ಯನೂ ನಾನೂ ಕಾರಿನ ಮೆಟ್ಟಿಲ ಹಲಗೆಯ ಮೇಲೆ ಕುಳಿತು ತಿಂದೆವು. ರೊಟ್ಟಿ ಹಿಡಿದುಕೊಂಡೇ ಟವಲನ್ನು ಮೈತುಂಬ ಹೊದ್ದುಕೊಂಡೆ. ಚಳಿ.

ಆ ಕೂಸಿಗೆ ಕೆಂಪು ಕುಲಾವಿ ಹಾಕಿದ್ದರು. ಯಾರ ಮನೆಯದೋ ಕೇಳಲಿಲ್ಲ.

ತಾ॥ 6-12-1937, ಸೋಮವಾರ

ಮಾರುತ್ತೇನೆ. ನಂಜಯ್ಯ ಮಾರಬಹುದಾದರೆ ನಾನು ಮಾರಬಾರದೇ? ದನದ ಕೊಂಬಿಗೆ ಹರಳೆಣ್ಣೆ ಹಚ್ಚಿ, ಉಪ್ಪುನೀರು ಕುಡಿಸಿ ಹೊಟ್ಟೆ ತುಂಬಿಸಿ ಎಷ್ಟು ಮಾರಿಲ್ಲ! ಕಪ್ಪು ಬಣ್ಣ ತರಿಸಿದೆ. ಸಾಂಬ್ರಾಣಿ ಒಂದು ಸೇರು.

ಚೆನ್ನಯ್ಯ ಕಂಬಿಗೆ ಒಂದು ತಂತಿ ಸುತ್ತಿ, ಊರೊಳಗೆ ಮೆಲ್ಲಗೆ ಓಡಿಸಿ ತೋರಿಸುವಷ್ಟು ಮಾಡಿಕೊಟ್ಟ. "ಬಣ್ಣ ಬಳೀತೀನಿ ಸಾ. ತಗೊಳ್ಳೋರು ಕೇಳುದ್ರೆ ಸುಳ್ಳು ಮಾತ್ರ ಏಳಲ್ಲ. ಕೇಳ್ದಿದ್ರೆ ನಾನಾಗಿ ಏಳಲ್ಲ" ಎಂದ.

"ಕೇಳಲ್ಲ ಬುಡು. ನಿನ್ನ ಯಾರು ಕೇಳ್ತಾರೆ" ಎಂದೆ.

ಬಣ್ಣ ಬಳಿಯುವಾಗ ನಾನೇ ಪೂರ್ತಿ ಮಾತಾಡಿದೆ.

ತಾ॥ 12-12-1937, ಭಾನುವಾರ

ಮೀನು ತಾನಾಗಿಯೇ ಬಂತು. ಚನ್ನರಾಯಪಟ್ಟಣ ತಾಲ್ಲೂಕು ದಂಡಿಗನಹಳ್ಳಿಯ ದೇವಯ್ಯ. ಬೇಸಾಯಗಾರ, ಅರವತ್ತರ ಸುಮಾರು. ಒಂದು ಹೊಲ ಮಾರಿ ಕಾರು ತೆಗೆದುಕೊಳ್ಳಲು ಬಂದಿದ್ದಾನೆ. ಜೊತೆಗೆ ಮಗಳು ಪಾರ್ವತಮ್ಮ, ಏಳು ತಿಂಗಳ ಬಸುರಿ.

ಕಾಫಿ ಕೊಡಿಸಿದೆ. ಕಾರಿನ ಗುಣಗಾನ ಶುರುಮಾಡಿದೆ. ದೇವಯ್ಯ ಕೈ ಅಡ್ಡ ಮಾಡಿದ.

"ನಂಗೆ ಅದೆಲ್ಲ ತಿಳಿಯಾಕಿಲ್ಲ ಪಾಲಾಕ್ಷಯ್ಯನೋರೇ. ಎಲ್ಡು ಸಲ ಇವಳ ಗಾಡೀಲಿ ಹಾಸನದ ಆಸ್ಪತ್ರೆಗೆ ಒತ್ಕೊಂಡೋದೆ. ಎಲ್ಡು ಸಲಾನೂ ದಾರೀಲೇ ಕೂಸು ಓಯ್ತು. ಎರಡ್ನೇ ಸಲ ಇವಳೂ ಓಗ್ಬುಟ್ಟಿದ್ಲು, ಹೆಂಗೋ ಉಳಕೊಂಡ್ಲು. ಮಾಘದಾಗೆ ಮತ್ತೆ ಹೆರಿಗೆ. ಡಾಕ್ಟ್ರಮ್ಮ ಏಳಿದ್ದು, ನೋವು ಬಂದ ಗಳಿಗೇಲಿ ತಂದ್ಬುಡಿ ಅಂತ. ಎತ್ತು ಎಷ್ಟು ಓಡ್ತದೆ? ಅದ್ಕೇ ಕಾರು. ಆಮ್ಯಾಕೆ ಬಾಡಿಗೆಗೆ ಬುಟ್ರೂ ಆಯ್ತು."

"ನರಸೀಪುರದಾಗೆ ಸಿಕ್ತಿತ್ತಲ್ಲ" ಎಂದೆ. ಯಾಕೆ ಹಾಗೆಂದೆನೋ.

"ನಿಮ್ಮಪ್ಪಾರು ಈಶ್ವರಯ್ಯನೋರು ಒಂದ್ಸಲ ಟವಲ್ ಅಡೀಲಿ ನನ್ ಬೆರಳ ಮಡಚಿ ತಳ್ಬುಟ್ರು. ಬಾಯಲ್ಲಿ ಮಾತ್ರ ಎತ್ತ ಹೊಗಳ್ತಾನೇ ಅವ್ರೆ! ಆ ಎತ್ತು ಇನ್ನೊಬ್ರ ಕೊಟ್ಟಿಗೇಲಿ ತಿಂಗ್ಳೊಪ್ಪತ್ತಲ್ಲಿ ಸತ್ತೋಯ್ತು. ಆವತ್ತಿಂದ ನಮ್ ಮನೇಲಿ ಒಂದೇ ಮಾತು. ತಗೊಂಡ್ರೆ ಮಲ್ಲಿಪಟ್ಟಣದೋರ ಕೈಲೇ ತಗೋಬೇಕು."

ಪಾರ್ವತಮ್ಮ ಕಾರಿನ ಬಾಗಿಲ ಮೇಲೆ ಕೈಯಿಟ್ಟು ನಿಂತಿದ್ದಳು. "ಮಾವ, ಇದು ಕುಲುಕ್ತದಾ?" ಎಂದು ನನ್ನನ್ನು ಕೇಳಿದಳು. ಊರಿನ ಅರ್ಧಕ್ಕೆ ನಾನು ಮಾವ, ಸರಿ. ಆದರೆ ಇವಳು ಈ ಊರಿನವಳಲ್ಲ. ಯಾಕೆ ಮಾವ ಅನ್ನಬೇಕು?

"ತೊಟ್ಲು ಕಣವ್ವಾ, ತೊಟ್ಲು" ಎಂದೆ.

ಮುಂದಿನ ಸೋಮವಾರ ಅರಳಿಕಟ್ಟೆಯ ಹತ್ತಿರ ವ್ಯಾಪಾರ. ನಾಲ್ಕು ಬೆರಳಿಗೆ ಐದು ಬರುತ್ತದೆ. ನಂಜಯ್ಯನಿಗಿಂತ ನಾನು ಜಾಣ ಎಂದು ಇದರಲ್ಲೇ ಗೊತ್ತಾಗುತ್ತದೆ.

ತಾ॥ 15-12-1937, ಬುಧವಾರ

ಚೆನ್ನಯ್ಯನನ್ನು ಕೇಳಿದೆ, ಹೊಸ ಕಂಬಿ ಹಾಕಿದರೆ ಮಾಘದವರೆಗೆ ತಡೆಯುತ್ತದೆಯೇ ಎಂದು.

"ಕಂಬಿ ತಡೀಬೋದು. ಇಂಜಿನ್ನು ನಡು ದಾರೀಲಿ ನಿಂತ್ರೆ? ಗಾಡಿ ಎತ್ತಾದ್ರೆ ಬಡುದ್ರೆ ಏಳ್ತವೆ ಸಾ."

ಕೇಳಬಾರದಿತ್ತು.

ತಾ॥ 18-12-1937, ಶನಿವಾರ

ನಿದ್ದೆ ಇಲ್ಲ. ಸೊಳ್ಳೆ.

ತಾ॥ 19-12-1937, ಭಾನುವಾರ

ಈ ಚಳಿಯಲ್ಲಿ ಸೊಳ್ಳೆ ಎಲ್ಲಿ ಬರುತ್ತದೆ ಎಂದು ಗಂಗಾಂಬಿಕೆ ಕೇಳುತ್ತಾಳೆ. ಕೈಗೆ ಇನ್ನೂ ಪಟ್ಟಿ ಕಟ್ಟಿಕೊಂಡಿದ್ದಾಳೆ. ನಾಳೆ ಅವಳ ಅಣ್ಣ ಬರುತ್ತಾನಂತೆ, ವ್ಯಾಪಾರ ನೋಡಲು.

ತಾ॥ 20-12-1937, ಸೋಮವಾರ

ಅರಳಿಕಟ್ಟೆಯ ಸುತ್ತ ಐವತ್ತು ಜನಕ್ಕೆ ಕಡಿಮೆಯಿಲ್ಲ. ಗುರುಸಿದ್ದಮ್ಮ ಮುಂದಿನ ಸಾಲಿನಲ್ಲಿ. ಗಂಗಾಧರಯ್ಯ ಜರಿ ರುಮಾಲು ಸುತ್ತಿಕೊಂಡು, ಮಗಳು ಪ್ರೇಮಕುಮಾರಿಯನ್ನೂ ಕರೆದುಕೊಂಡು ಬಂದಿದ್ದ, ತಮಾಷೆಗೆ ಬರುವ ಹಾಗೆ.

"ಏನ್ ಭಾವ, ಇಷ್ಟು ಜಲ್ದಿ ಮಾರ್ತಾ ಇದ್ದೀರಿ? ಚಿನ್ನದಂತಾ ಕಾರು ಅಂತಿದ್ರಿ. ಒಳಗೇನಾರ ಮರ್ಮ ಅದೋ?"

ಒಂದೇ ಮಾತು ಸಾಕಾಗಿತ್ತು. ಮರ್ಮ ಇದೆ ಎಂದಿದ್ದರೆ ಮೂವತ್ತು ವರ್ಷದ ಹೆಸರು ಅಲ್ಲೇ ಕಟ್ಟೆಯ ಮೇಲೆ ಮಣ್ಣಾಗುತ್ತಿತ್ತು, ಅವನು ಅದನ್ನು ತಟ್ಟೆಗೆ ಹಾಕಿಕೊಂಡು ಅರಕಲಗೂಡಿನಲ್ಲೆಲ್ಲ ಹಂಚುತ್ತಿದ್ದ. "ಭಾವ, ಇಂಥ ಕಾರು ಬೇಕು ಅನ್ನೋರು ಇರೋವಾಗ ನಾನೊಬ್ನೇ ಇಟ್ಕೊಂಡ್ರೆ ಶಿವ ಮೆಚ್ಚಾನಾ?" ಎಂದೆ.

ಆಮೇಲೆ ಶುರುಮಾಡಿದೆ ನೋಡಿ! ಇದರ ಓಟವೇನು, ಇದರ ಉಸಿರೇನು, ಹಾಸನದ ಡೆಪ್ಯುಟಿ ಕಮಿಷನರ್ ಸಾಹೇಬರು ಇದನ್ನು ಕಂಡು ತಮ್ಮ ಕಾರಿನಿಂದ ಇಳಿದು ನಿಂತರಂತೆ, ಇತ್ಯಾದಿ. ಆ ಸಾಹೇಬರನ್ನು ನಾನು ನೋಡಿಯೇ ಇಲ್ಲ. ಜನ ಬಾಯಿ ಬಿಟ್ಟುಕೊಂಡು ಕೇಳಿತು. ಇಷ್ಟು ಚೆನ್ನಾಗಿ ನಾನು ಯಾವ ಎತ್ತನ್ನೂ ಹೊಗಳಿರಲಿಲ್ಲ. ಚೆನ್ನಯ್ಯ ಮಡ್‌ಗಾರ್ಡಿಗೆ ಒರಗಿ ನೆಲ ನೋಡುತ್ತಿದ್ದ. ದೇವಯ್ಯ ಅವನನ್ನು ಒಂದು ಮಾತೂ ಕೇಳಲಿಲ್ಲ. ಪಾರ್ವತಮ್ಮ ಕಟ್ಟೆಯ ಮೂಲೆಯಲ್ಲಿ ಹೊಟ್ಟೆಯ ಮೇಲೆ ಸೆರಗು ಹೊದ್ದು ಕುಳಿತು, ನಗುಮುಖ ಮಾಡಿಕೊಂಡು ಕಾರನ್ನೇ ನೋಡುತ್ತಿದ್ದಳು. ಸಾಂಬ್ರಾಣಿ ಹೊಗೆ ಅವಳ ಕಡೆಗೇ ಹೋಗುತ್ತಿತ್ತು.

ದೇವಯ್ಯ ಕೈ ಕೊಟ್ಟ. ಮೇಲೆ ಟವಲು ಹಾಕಿದೆವು. ನೇಗಿಲು ಹಿಡಿದು ಹಿಡಿದು ಆ ಕೈ ಹಲಗೆಯಾಗಿದೆ. ಅವನು ನಾಲ್ಕು ಬೆರಳು ಹಿಡಿದ. ನಾನು ಬಾಯಲ್ಲಿ, "ಇದಕ್ಕೆ ಆರು ಕೊಟ್ರೂ ಕಮ್ಮಿ ಕಣ್ರಪ್ಪೋ!" ಎಂದು ಊರಿಗೆ ಕೇಳುವ ಹಾಗೆ ಕೂಗಿದೆ. ಅವನು ಒಂದು ಬೆರಳು ಸೇರಿಸಿದ. ಐದು. ನಾನು ಬಯಸಿದ್ದೇ ಐದು. ಹೂಂ ಎಂದು ಒತ್ತಬೇಕಾಗಿತ್ತು, ಅಷ್ಟೇ.

ಅವನ ಐದೂ ಬೆರಳನ್ನು ಒಂದೊಂದಾಗಿ ಮಡಚಿ, ಮುಷ್ಟಿ ಕಟ್ಟಿಸಿ, ಅವನ ಎದೆಯ ಕಡೆಗೆ ತಳ್ಳಿದೆ.

ದೇವಯ್ಯ ನನ್ನ ಮುಖ ನೋಡಿದ. ನಾನು ಇನ್ನೂ ಕಾರನ್ನು ಹೊಗಳುತ್ತಲೇ ಇದ್ದೆ, ಬಾಯಿ ನಿಂತಿರಲಿಲ್ಲ. ಅವನು ಇನ್ನೊಂದು ಕೈಯನ್ನೂ ಟವಲಿನ ಕೆಳಗೆ ತಂದು, ನನ್ನ ಕೈಯನ್ನು ಎರಡೂ ಕೈಯಲ್ಲಿ ಒಂದು ಸಲ ಒತ್ತಿದ. ಆ ಸಂಜ್ಞೆ ನಮ್ಮಪ್ಪ ಕಲಿಸಿರಲಿಲ್ಲ.

ಆಮೇಲೆ ಟವಲು ಕೊಡವಿ, ಎಲ್ಲರಿಗೂ ಕೇಳುವಂತೆ ಹೇಳಿದ. "ಬುಡಿ ಪಾಲಾಕ್ಷಯ್ಯನೋರೇ, ನಮ್ಮಂತೋರ ಕೈಗೆ ಎಟುಕಾಕಿಲ್ಲ. ಬಾಳ ಬೆಲೆ ಏಳ್ತಿದ್ದೀರಿ. ರಾಜ್ರ ಅರಮನೆಗೆ ಮಾರ್ಕೊಳಿ."

"ನೋಡಿದ್ರಾ!" ಗಂಗಾಧರಯ್ಯ ಚಪ್ಪಾಳೆ ತಟ್ಟಿದ. "ದುರಾಸೆ! ಕೈಗೆ ಬಂದ ಗಿರಾಕಿ ಓಡ್ಸ್‌ಬುಟ್ರು. ನಮ್ ಭಾವನ ಬುದ್ಧಿ ಕಾರಿಗಿಂತ ಮುಂದೆ ಓಡ್ತದೆ!"

ಎಲ್ಲರೂ ನಕ್ಕರು. ಕಾರಿನ ಗುಟ್ಟು ಉಳಿಯಿತು, ನನ್ನ ಹೆಸರೂ ಉಳಿಯಿತು. ದುರಾಸೆ ಎನ್ನುವುದು ವ್ಯಾಪಾರಿಗೆ ಬೈಗುಳವಲ್ಲ.

ಊರ ಹೊರಗಿನವರೆಗೆ ಅವರ ಗಾಡಿಯ ಜೊತೆ ನಡೆದೆ. ನನ್ನ ತಂಗಿ ಸುವರ್ಣಮ್ಮನ ಮನೆ ಹಾಸನದ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಇದೆ. ಒಂದು ಕೋಣೆ ಸುಮ್ಮನೆ ಖಾಲಿ ಬಿದ್ದಿದೆ, ಇಲಿ ಕಾಟ. ಯಾರಾದರೂ ಒಂದು ತಿಂಗಳು ಮೊದಲೇ ಬಂದು ಇದ್ದರೆ ಇಲಿಯಾದರೂ ಹೋಗುತ್ತವೆ ಎಂದು ದೇವಯ್ಯನಿಗೆ ಹೇಳಿದೆ.

ಯಾಕೆ ಹಾಗೆ ಮಾಡಿದೆನೋ ತಿಳಿಯದು. ಬಾಯಿ ಸರಿಯಾಗಿಯೇ ಇತ್ತು. ಚಳಿಗೆ ಬೆರಳು ಸೆಟೆದುಕೊಂಡಿರಬೇಕು.

ತಾ॥ 16-1-1938, ಭಾನುವಾರ

ಹೊಸ ಡೈರಿ ಯಾರೂ ಕೊಡಲಿಲ್ಲ. ಹಳೆಯದರ ಜನವರಿ ಪುಟಕ್ಕೇ ವಾಪಸ್ಸು ಬಂದಿದ್ದೇನೆ, ಖಾಲಿ ಇತ್ತು.

ಕಾರು ಹಿತ್ತಲಿನಲ್ಲಿದೆ. ಚೆನ್ನಯ್ಯ ಸೀಟಿನ ಕೆಳಗಿನ ಮೆಕ್ಕಲನ್ನೆಲ್ಲ ಕೆರೆದು ಪಾತಿಗೆ ಹಾಕಿದ್ದ. ಅಲ್ಲಿ ಹಾಕಿದ ಕುಂಬಳ ಬೀಜ ಬಳ್ಳಿಯಾಗಿ ಹೊರಟಿದೆ. ಬಾನೆಟ್ಟಿನ ಮೇಲೆ ಗಂಗಾಂಬಿಕೆ ಹಪ್ಪಳ ಒಣಗಿಸುತ್ತಾಳೆ, ತಗಡು ಕಾದು ಒಂದೇ ಬಿಸಿಲಿಗೆ ಆಗುತ್ತದೆ. ಜಿಲ್ಲೆಯಲ್ಲಿ ಇಷ್ಟು ಉಪಯೋಗದ ಕಾರು ಇನ್ನೊಂದಿಲ್ಲ. ಒಂದು ಅಪಘಾತವೂ ಆಗಿಲ್ಲ.

ಚೆನ್ನಯ್ಯ ಹಾಸನಕ್ಕೆ ವಾಪಸ್ಸು ಹೊರಟ. ಕಾರು ಕೊಳ್ಳುವವರು ಅವನನ್ನು ಕರೆದುಕೊಂಡು ಹೋಗಿ ಸೀಟು ಎತ್ತಿಸಿ ನೋಡುತ್ತಾರಂತೆ. ಹಾಗೆ ನೋಡಬೇಕೆಂದು ಜನಕ್ಕೆ ಹೇಳಿಕೊಟ್ಟವನು ನಾನೇ. ಹೊರಡುವ ಮೊದಲು ಜಗಲಿಯ ಮೇಲೆ ಕುಳಿತು ಇಬ್ಬರೂ ಕಾಫಿ ಕುಡಿದೆವು. ಗುರುಸಿದ್ದಮ್ಮ ನೋಡಿಕೊಂಡು ಹೋದಳು. ಏನು ನೋಡಿದಳೋ.

ತಾ॥ 15-2-1938, ಮಂಗಳವಾರ

ಸುವರ್ಣಮ್ಮನಿಂದ ಕಾಗದ. ಪಾರ್ವತಮ್ಮನಿಗೆ ಹೆಣ್ಣು ಕೂಸು. ನೋವು ಬಂದ ಅರ್ಧ ಗಂಟೆಯಲ್ಲಿ ಆಸ್ಪತ್ರೆಗೆ ನಡೆದುಕೊಂಡೇ ಹೋದಳಂತೆ. ಇಬ್ಬರೂ ಚೆನ್ನಾಗಿದ್ದಾರೆ.

ಇಲಿ ಹೋದವೋ ಇಲ್ಲವೋ ಬರೆದಿಲ್ಲ.

ಗಂಗಾಂಬಿಕೆಗೆ ಕಾಗದ ಎರಡು ಸಲ ಓದಿ ಹೇಳಿದೆ. ಒಂದು ಕೆಂಪು ಕುಲಾವಿ ಹೊಲಿದು ಕಳಿಸು ಎಂದೆ. ಕೆಂಪೇ ಯಾಕೆ ಎಂದಳು. ಎಲ್ಲದಕ್ಕೂ ಯಾಕೆ ಎನ್ನುತ್ತಾಳೆ.

ತಾ॥ 8-3-1938, ಮಂಗಳವಾರ

ಹಾಸನದ ಸಂತೆ. ಗುರುತು ಪರಿಚಯವಿಲ್ಲದ ಮೂರು ಜನ ನನ್ನನ್ನೇ ಹುಡುಕಿಕೊಂಡು ಬಂದರು. "ಎತ್ತು ನೋಡ್ಕೊಡಿ. ದಂಡಿಗನಹಳ್ಳಿ ದೇವಯ್ಯನೋರು ಏಳುದ್ರು, ಪಾಲಾಕ್ಷಯ್ಯನ ಬಾಯಿ ಕೇಳ್ಬ್ಯಾಡಿ, ಕೈ ಇಡ್ಕೊಳಿ ಸಾಕು ಅಂತ."

ಮೂವತ್ತು ವರ್ಷಕ್ಕೆ ಕಡೆಗೂ ಜನಕ್ಕೆ ನನ್ನ ಪರಿಣತಿ ಅರ್ಥವಾಗಿದೆ.

ಒಂದೇ ತೊಂದರೆ. ಇವತ್ತು ಮೂರರಲ್ಲಿ ಎರಡು ವ್ಯಾಪಾರ ಮುರಿಯಿತು. ಇತ್ತೀಚೆಗೆ ಟವಲಿನ ಕೆಳಗೆ ಕೈ ಹೋದರೆ ಬೆರಳು ನನ್ನ ಮಾತು ಕೇಳುವುದಿಲ್ಲ, ಎದುರಿನವನ ಬೆರಳನ್ನು ತಾವಾಗಿಯೇ ಮಡಚುತ್ತವೆ. ನಮ್ಮಪ್ಪನಿಗೂ ಹೀಗೇ ಇತ್ತು. ವಾತ ಇರಬೇಕು. ಗಂಗಾಂಬಿಕೆಗೆ ಹೇಳಿ ಸ್ವಲ್ಪ ಎಳ್ಳೆಣ್ಣೆ ಕಾಯಿಸಬೇಕು.